ಮಾಯವಾದ ಕೊನೆಯ ಸಾಲು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಕೋಣೆಯಲ್ಲಿ ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಕಳೆದ ಬೇಸಿಗೆಯಲ್ಲಿ ಹಳ್ಳಿಯ ಪ್ರೌಢಶಾಲೆಯೊಂದರ ಹಳೆಯ ವಿದ್ಯಾರ್ಥಿಗಳ ಸ್ಮರಣ ಸಂಚಿಕೆ ನನ್ನ ಕೈಗೆ ಬಂತು: ಡೆಮಿ 1/8 ಅಳತೆ, 48 ಪುಟ, ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟಗಳ ಕಟ್ಟು, ಫಾರಂ, ಮೂರು. ಲೇಖನಗಳಲ್ಲಿ ಅರ್ಧದಷ್ಟು ನಿವೃತ್ತ ಮಾಸ್ತರರು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದವು. ಉಳಿದವು ವಾಟ್ಸಾಪ್‌ನಲ್ಲಿ ಬಂದ ಯೂನಿಕೋಡ್, ಅಂದರೆ ಕಂಪ್ಯೂಟರು ಕನ್ನಡವೆಂದೇ ಗುರುತಿಸುವ ಅಕ್ಷರಗಳು.

ಹಳೆಯ ನುಡಿಯ ಕನ್ನಡ ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ‘ಕನ್ನಡ’ ಎಂಬ ಪದ ಅದರೊಳಗೆ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ಗುರುತು, ಹೀಗೆ ಏಳು ಚಿಹ್ನೆಗಳ ಸಾಲಾಗಿ ಕುಳಿತಿರುತ್ತದೆ; ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಪುಟ ಜೋಡಿಸುವ ನನ್ನ ಹಳೆಯ ತಂತ್ರಾಂಶ ಕೋರೆಲ್‌ಡ್ರಾದಲ್ಲಿ ಯೂನಿಕೋಡ್ ಒತ್ತಕ್ಷರಗಳು ಚದುರಿ ನಿಲ್ಲುವುದರಿಂದ, ಬಂದದ್ದನ್ನೆಲ್ಲ ನುಡಿಗೆ ಪರಿವರ್ತಿಸಿದೆ. ಪರಿವರ್ತಕವು ‘ರ‍್ಯಾಂಕ್’ ಎಂಬುದಕ್ಕೆಲ್ಲ ಅರ್ಕಾವತ್ತು ಹಚ್ಚಿ ‘ರ್ಯಾಂಕ್’ ಮಾಡಿಟ್ಟಿತ್ತು. ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಪರಿವರ್ತನೆಯಲ್ಲಿ ಬಿದ್ದುಹೋದರೆ ಹೀಗಾಗುತ್ತದೆ. ಹಳೆಯ ವಿದ್ಯಾರ್ಥಿಗಳ ಸಂಚಿಕೆಯಲ್ಲಿ ರ‍್ಯಾಂಕುಗಳಿಗೆ ಬರವೇ? ಎಲ್ಲವನ್ನೂ ಕೈಯಿಂದಲೇ ತಿದ್ದಿದೆ.

ಆ ತಿದ್ದುವಿಕೆಯಲ್ಲಿ ಸಂಜೆಯಾಯಿತು. ಆತುರದಲ್ಲಿ, ಅಕ್ಷರಗಳನ್ನು ಕರ್ವ್ ಮಾಡದೆಯೇ, ಅಂದರೆ ಫಾಂಟ್ ಬೇಡದ ಆಕಾರಗಳಾಗಿ ಬದಲಿಸದೆಯೇ, ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕಪನೂರ ಕೈಗಾರಿಕಾ ಪ್ರದೇಶದ ಕಡೆಯ ಮುದ್ರಣಾಲಯಕ್ಕೆ ಹೋದೆ. “ನುಡಿ ನಮ್ಮಲ್ಲೂ ಅದರಿ ಸರ್, ಫೈಲ್ ಚೊಲೊ ಓಪನ್ ಆಗ್ಯಾದ,” ಎಂದು ಅಲ್ಲಿಯ ಆಪರೇಟರ್ ಹೇಳಿದ. ಅವನ ಮಾತು ಸುಳ್ಳಾಗಿರಲಿಲ್ಲ. ಫಾಂಟೇ ಇಲ್ಲದಿದ್ದರೆ ಪರದೆಯ ತುಂಬ ಇಂಗ್ಲಿಷ್ ಚಿಹ್ನೆಗಳು ಕಂಡು ಇಬ್ಬರೂ ಎಚ್ಚರಗೊಳ್ಳುತ್ತಿದ್ದೆವು. ಹೆಸರು ಒಂದೇ ಆಗಿ ಆವೃತ್ತಿ ಬೇರೆಯಾಗಿದ್ದಾಗ ಆಗುವ ಮೋಸವೇ ಕಠಿಣ: ಅಕ್ಷರಗಳ ಅಗಲ ಕೂದಲೆಳೆಯಷ್ಟು ಹೆಚ್ಚಿ, ಒಂದೆರಡು ಪದ ಮುಂದಿನ ಸಾಲಿಗೆ ಜಾರಿ, ಪುಟದ ಕೊನೆಯ ಸಾಲು ಚೌಕಟ್ಟಿನ ಕೆಳಗೆ ಅಡಗಿಬಿಡುತ್ತದೆ. ಪ್ರೂಫ್ ಪ್ರಿಂಟಿನಲ್ಲಿ 31ನೆಯ ಪುಟದ ಲೇಖನ ವಾಕ್ಯದ ನಡುವೆಯೇ ನಿಂತಿತ್ತು. ಹುಡುಕಿದಾಗ ಅಂಥವು ಇನ್ನೂ ನಾಲ್ಕು ಸಿಕ್ಕವು.

ತಿರುಗಿ ಬಂದು ಮೂಲ ಫೈಲನ್ನು ಹಾಗೆಯೇ ಇಟ್ಟು, ಬೇರೆ ಹೆಸರಿನ ಪ್ರತಿಯಲ್ಲಿ ಎಲ್ಲ ಅಕ್ಷರಗಳನ್ನೂ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿದೆ. ಕರ್ವ್ ಆದ ಮೇಲೆ ಅದು ಅಕ್ಷರವಲ್ಲ, ಬರೀ ಆಕಾರ. ಯಾವ ಯಂತ್ರದಲ್ಲಿ ತೆರೆದರೂ ಕದಲುವುದಿಲ್ಲ, ಆದರೆ ಒಂದು ದೀರ್ಘವನ್ನೂ ತಿದ್ದಲು ಬರುವುದಿಲ್ಲ. ಅದನ್ನು ಪಿಡಿಎಫ್ ಮಾಡಿ, ಶಾಯಿಗಳನ್ನು ಬಿಡಿಬಿಡಿಯಾಗಿ ತೋರಿಸುವ ಅಕ್ರೋಬ್ಯಾಟ್‌ನ ಔಟ್‌ಪುಟ್ ಪ್ರಿವ್ಯೂನಲ್ಲಿ ಕಪ್ಪು ಬಣ್ಣದ ಗುರುತನ್ನು ತೆಗೆದು ನೋಡಿದೆ; ಬರೀ ಕಪ್ಪು ಶಾಯಿಯ ಅಕ್ಷರವಾದರೆ ಆಗ ಮಾಯವಾಗಬೇಕು. ಬಣ್ಣದ ಚಿತ್ರಗಳಿದ್ದ ಫಾರಂನಲ್ಲಿ ವರ್ಡ್‌ನಿಂದ ತಂದಿದ್ದ ಮೂರು ಲೇಖನಗಳು ಮಾಯವಾಗದೆ ಮಸುಕಾಗಿ ಉಳಿದವು. ಅಂದರೆ ಆ ಅಕ್ಷರಗಳ ಕಪ್ಪು, ಪರದೆಯ ಬಣ್ಣಕ್ರಮವಾದ ಆರ್‌ಜಿಬಿಯಿಂದ ಬಂದು ಅಚ್ಚಿನ ನಾಲ್ಕೂ ಬಣ್ಣಗಳ ಪ್ಲೇಟುಗಳಲ್ಲಿ ಹಂಚಿಹೋಗಿತ್ತು. ಯಂತ್ರದಲ್ಲಿ ಒಂದು ಪ್ಲೇಟು ಎಳೆಯಷ್ಟು ಸರಿದರೂ ಸಣ್ಣ ಅಕ್ಷರದ ಸುತ್ತ ಬಣ್ಣದ ನೆರಳು ಬೀಳುತ್ತದೆ, ಒತ್ತಕ್ಷರದ ಪುಟ್ಟ ಕಿಂಡಿಗಳು ತುಂಬಿಕೊಳ್ಳುತ್ತವೆ. ಇಂಗ್ಲಿಷಿಗಿಂತ ಕನ್ನಡಕ್ಕೆ ಈ ಹಾನಿ ಹೆಚ್ಚೆಂದು ನನಗೆ ಅನ್ನಿಸಿದೆ. ಮೂಲಕ್ಕೆ ಮರಳಿ, ಅವನ್ನು ಶೇಕಡಾ 100 ಕಪ್ಪಿಗೆ ತಂದು, ಮತ್ತೊಮ್ಮೆ ಕರ್ವ್ ಮಾಡಿದೆ.

ಮರುದಿನ ಪ್ಲೇಟಿಗೆ ಕಳಿಸುವ ಮುನ್ನ ಸಂಪಾದಕ ಮಂಡಳಿಯ ಹಿರಿಯರ ಫೋನ್ ಬಂತು: “ತಮ್ಮಾ, ದಾನಿಗಳ ಪಟ್ಟಿಯೊಳಗ ಒಂದು ಹೆಸರು ಬಿಟ್ಟದ ನೋಡು.” ಮೂಲ ಫೈಲ್ ಇದ್ದುದರಿಂದ ಬೆವರಲಿಲ್ಲ. ಹೆಸರನ್ನು ಸೇರಿಸಿದಾಗ ಪಟ್ಟಿ ಒಂದು ಸಾಲು ಕೆಳಗಿಳಿಯಿತು. ಚೌಕಟ್ಟಿನ ಕೆಳಗಂಚಿನಲ್ಲಿ, ಸಾಲು ಅಡಗಿದೆ ಎಂದು ತೋರಿಸುವ ಪುಟ್ಟ ಬಾಣ ಕಾಣಿಸಿತು. ಅಲ್ಲೇ ಅದನ್ನು ಹಿಡಿದು ಒಂದು ಸಾಲಿನಷ್ಟು ಎಳೆದು, ಆ ಪುಟವನ್ನು ಮಾತ್ರ ಕರ್ವ್ ಮಾಡಿ ಕಪನೂರಿಗೆ ಹೊರಟೆ.