ದುರ್ಗದಬೈಲಿಗೆ ಕೊಡ ತರಲು ಹೋಗಿದ್ದು

ನಮ್ಮ ಹಾವೇರಿ ಕಡೆ ಮದುವೆ ಗೊತ್ತಾಯಿತು ಅಂದರೆ ಮೊದಲ ಮಾತು, "ಬಸ್ತಾಕ್ಕ ಹುಬ್ಬಳ್ಳಿಗೆ ಯಾವಾಗ ಹೋಗೋದು?" ಬಸ್ತಾ ಅಂದರೆ ಮದುವೆಯ ಖರೀದಿ. ಸೀರೆ, ಭಾಂಡೆ, ಬಳೆ ಎಲ್ಲಾ ಹಾವೇರಿಯಲ್ಲೂ ಸಿಗುತ್ತವೆ. ಆದರೂ ಒಮ್ಮೆ ಹುಬ್ಬಳ್ಳಿ ಪೇಟೆ ತಿರುಗಿ ಬರದಿದ್ದರೆ ಮದುವೆ ಮನೆಗೆ ಸಮಾಧಾನವಿಲ್ಲ. ಸೋದರತ್ತೆಯ ಮೊಮ್ಮಗಳ ಮದುವೆಗೆ ಜವಳಿ ಎಲ್ಲಾ ಆಗಿತ್ತು. ತಾಮ್ರದ ಕೊಡ ಒಂದು ಬಾಕಿ ಇತ್ತು. "ಅದನ್ನ ನಾನ ನೋಡಿ ತರಬೇಕು. ನೀ ಜೋಡಿ ಬಾ ತಮ್ಮಾ" ಅಂದರು ಅತ್ತೆ. ಅವರಿಗೆ 78 ವರ್ಷ. ಇಲ್ಲ ಅನ್ನಲಾಗಲಿಲ್ಲ, ಅನ್ನುವ ಮನಸ್ಸೂ ಇರಲಿಲ್ಲ.

ಬೆಳಗಿನ ರೈಲು ಹತ್ತಿದೆವು. ಹುಬ್ಬಳ್ಳಿ ನಿಲ್ದಾಣದಲ್ಲಿ ಇಳಿದು ಅತ್ತೆಗೆ ಹೇಳಿದೆ, ಇಲ್ಲಿನ ಒಂದು ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಇದೆ, ಇಡೀ ಜಗತ್ತಿನಲ್ಲೇ ಉದ್ದದ್ದು. "ಹಂಗಾರ ಮೊದಲ ಆಟೋ ಹಿಡಿ" ಅಂದರು.

ದುರ್ಗದಬೈಲಿನಲ್ಲಿ ಇಳಿಯುವಾಗ ಹನ್ನೊಂದು ಗಂಟೆ. ಹೂವಿನವರು, ಹಣ್ಣಿನ ಗಾಡಿಗಳು, ಬಾಳೆ ಎಲೆ, ಕುಂಕುಮ, ಹಾರ್ನ್ ಸದ್ದು. ಅತ್ತೆ ಸೆರಗು ಸರಿ ಮಾಡಿಕೊಂಡು ಒಂದು ಕ್ಷಣ ಕೈ ಮುಗಿದರು. ಯಾರಿಗೆ ಅಂತ ಕೇಳಿದೆ. "ದುರ್ಗವ್ವಗ. ಆಕಿ ಬೈಲಲ್ಲಾ ಇದು?" ಸಣ್ಣಂದಿನಿಂದ ಅವರು ಹಾಗೇ ತಿಳಿದಿದ್ದರಂತೆ. ನಾನು ಹೇಳಿದೆ, ದುರ್ಗ ಅಂದರೆ ಕೋಟೆ ಅತ್ತಿ, ಬೈಲು ಅಂದರೆ ಬಯಲು. ಕೋಟೆಯ ಮುಂದಿನ ಬಯಲು ಇದು. ಅವರು ಸುತ್ತ ನೋಡಿದರು. "ಕೋಟಿ ಎಲ್ಲೈತಿ?" ಕಣ್ಣಿಗೆ ಕಾಣುವ ಕೋಟೆ ಇಲ್ಲ. ಬಯಲೂ ಇಲ್ಲ, ಕಾಲಿಡಲು ಜಾಗವಿಲ್ಲದಷ್ಟು ಅಂಗಡಿ. ಹೆಸರು ಮಾತ್ರ ಉಳಿದಿದೆ.

ಈ ಭಾಗಕ್ಕೆ ಹೊಸ ಹುಬ್ಬಳ್ಳಿ ಅಂತಲೇ ಹೆಸರಿತ್ತು. ಹೊಸದು ಅಂದರೆ ನಮ್ಮ ಕಾಲದ್ದಲ್ಲ, ಸವಣೂರು ನವಾಬರ ಕಾಲದ್ದು. ನವಾಬ ಮಜೀದ್ ಖಾನ್ ಇಲ್ಲಿ ಮಜೀದಪುರ ಅಂತ ಒಂದು ಪೇಟೆ ಕಟ್ಟಿಸಿದ. ಆಮೇಲೆ ಬಸಪ್ಪ ಶೆಟ್ಟರ್ ಅನ್ನುವ ವ್ಯಾಪಾರಿ ದುರ್ಗದಬೈಲಿನ ಸುತ್ತ ಊರು ಬೆಳೆಸಿದ. ರಾಜ ಕಟ್ಟಿದ ಊರುಗಳು ಬೇಕಾದಷ್ಟಿವೆ, ಇದು ವ್ಯಾಪಾರಿ ಬೆಳೆಸಿದ ಊರು. ಅದು ಇಲ್ಲಿನ ಮಾತಿನಲ್ಲೇ ಗೊತ್ತಾಗುತ್ತದೆ. ಯಾರೂ ನಿಮ್ಮನ್ನು ಸುಮ್ನೆ ಹೋಗಲು ಬಿಡುವುದಿಲ್ಲ. "ಬರ್ರೀ ಅಕ್ಕಾರ, ನೋಡ್ರಿ, ತಗೋಬ್ಯಾಡ್ರಿ, ನೋಡೂದಕ್ಕ ರೊಕ್ಕ ಇಲ್ಲ" ಅಂತ ಕರೆಯುತ್ತಾರೆ.

ಜವಳಿ ಸಾಲ ದಾಟಿ ಕಂಚಗಾರ ಗಲ್ಲಿಗೆ ಹೋದೆವು. ಇಲ್ಲಿ ಓಣಿಯ ಹೆಸರು ಕೇಳಿದರೆ ಸಾಕು, ಏನು ಕೆಲಸ ನಡೆಯುತ್ತಿತ್ತು ಅಂತ ಗೊತ್ತಾಗುತ್ತದೆ. ಅತ್ತೆ ಭಾಂಡೆ ಅಂಗಡಿಯ ಕಟ್ಟೆ ಮೇಲೆ ಕೂತು ಪರೀಕ್ಷೆ ಶುರು ಮಾಡಿದರು. ಮೊದಲ ಕೊಡವನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿ ಹಿಡಿದರು. ಸದ್ದು ಬೇಗ ಸತ್ತಿತು. ಬೇಡ. ಎರಡನೆಯದರ ಒಳಗೆ ಕೈ ಹಾಕಿ ಸವರಿದರು. ಹೊರಗೆ ಸುತ್ತಿಗೆ ಏಟಿನ ಗುರುತು ಚೆಂದ ಕಾಣುತ್ತಿತ್ತು, ಒಳಗೆ ನುಣ್ಣಗಿತ್ತು. "ಇದು ಬಡದದ್ದಲ್ಲ, ಬಡದಂಗ ಮಾಡಿದ್ದು" ಅಂದರು. ಮೂರನೆಯದು ಬೆಸುಗೆಯ ಹತ್ತಿರ ತೆಳುವು. ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ. ಎದ್ದು ಅಟ್ಟದ ಮೇಲಿಂದ ಒಂದು ಕೊಡ ಇಳಿಸಿ ಅತ್ತೆಯ ಮುಂದಿಟ್ಟರು, ಏನೂ ಹೇಳಲಿಲ್ಲ. ಬಡಿದಾಗ ಗಂಟೆಯ ಹಾಗೆ ಸದ್ದು ಹಿಡಿದು ನಿಂತಿತು. ಒಳಗೂ ಏಟಿನ ಗುರುತು ಬೆರಳಿಗೆ ಸಿಗುತ್ತಿತ್ತು. ತಕ್ಕಡಿಗೆ ಹೋಯಿತು. ಕೊಡಕ್ಕೆ ಇಷ್ಟು ಅಂತ ಬೆಲೆ ಇಲ್ಲ, ಕಿಲೋ ಲೆಕ್ಕ.

ಹೆಸರು ಹಾಕಿಸುವುದಿತ್ತು. ಅತ್ತೆಯ ಮದುವೆಗೆ ಅವರ ಅಪ್ಪ, ಅಂದರೆ ನನ್ನ ಅಜ್ಜ, 1964ರಲ್ಲಿ ಇದೇ ಗಲ್ಲಿಯಿಂದ ಕೊಡ ತಂದಿದ್ದರು. ಅದರ ಕುತ್ತಿಗೆಯ ಮೇಲೆ ಉಳಿಯಿಂದ ಕೊರೆದ ಹೆಸರು, ಇಸವಿ ಇದೆ. ದಿನಾ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅಕ್ಷರ ಅರ್ಧ ಸವೆದಿದೆ. ಈಗ ಕರೆಂಟಿನ ಪೆನ್ನು. ಅದು ಗುಂಯ್ ಅನ್ನುತ್ತಾ ಚುಕ್ಕೆ ಚುಕ್ಕೆ ಇಟ್ಟು ಅಕ್ಷರ ಮೂಡಿಸುತ್ತದೆ. ಹುಡುಗಿಯ ಹೆಸರು, ಕೆಳಗೆ "ಅಜ್ಜಿಯಿಂದ", ಇಸವಿ. ಹುಡುಗ ಬರೆದು ಮುಗಿಸುವ ತನಕ ಅತ್ತೆ ರೆಪ್ಪೆ ಹೊಡೆಯಲಿಲ್ಲ. "ಆಳ ಬರಿಯೋ ಯಪ್ಪಾ, ತಿಕ್ಕತಾರ" ಅಂದರು.

ಮೇದಾರ ಓಣಿಯಿಂದ ಒಂದು ಮೊರ ಬೇಕಿತ್ತು, ಅಕ್ಕಿ ಕೇರುವ ಬಿದಿರಿನ ಮೊರ. ಅಲ್ಲೊಬ್ಬರು ಹಸಿ ಬಿದಿರನ್ನು ಕಾಲ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಕತ್ತಿ ಇಟ್ಟು ಸೀಳುತ್ತಿದ್ದರು. ಕತ್ತಿ ಸ್ವಲ್ಪ ಹೊರಳಿದರೂ ಸೀಳು ದಪ್ಪ ತೆಳು ಆಗುತ್ತದೆ. ಅವರದ್ದು ಒಂದೇ ಸಮ ಬರುತ್ತಿತ್ತು. ಹೋಳಿ ಹಬ್ಬಕ್ಕೆ ಇನ್ನೂ ಮೂರು ವಾರ ಇತ್ತು. ಹುಬ್ಬಳ್ಳಿಯಲ್ಲಿ ಬಣ್ಣ ಆಡುವುದು ಐದನೇ ದಿನ, ರಂಗಪಂಚಮಿಗೆ. ಅಲ್ಲಿಯ ತನಕ ಓಣಿ ಓಣಿಯಲ್ಲಿ ರತಿ ಕಾಮಣ್ಣರು ಕೂರುತ್ತಾರೆ, ಜಗ್ಗಲಿಗೆ ವಾದ್ಯದ ಸದ್ದು ನಿಲ್ಲುವುದಿಲ್ಲ. ಆಗ ಈ ಪೇಟೆ ನೋಡಬೇಕು. ವ್ಯಾಪಾರಿಗಳೇ ಅಂಗಡಿ ಮುಚ್ಚಿ ಬೀದಿಗೆ ಇಳಿದಿರುತ್ತಾರೆ.

ನನಗೆ ಹಳೇ ಹುಬ್ಬಳ್ಳಿಯನ್ನೂ ನೋಡಬೇಕಿತ್ತು. ಅತ್ತೆ ಕೊಡ ಮಡಿಲಲ್ಲಿ ಇಟ್ಟುಕೊಂಡೇ ಆಟೋದಲ್ಲಿ ಕೂತರು. ಭವಾನಿಶಂಕರ ಗುಡಿ ಚಾಲುಕ್ಯರ ಕಾಲದ್ದು. ಒಳಗೆ ನಾರಾಯಣನ ಮೂರ್ತಿ, ಸುತ್ತ ದಶಾವತಾರ. ಹೊರಗಿನ ಬಿಸಿಲಿನಿಂದ ಬಂದವರಿಗೆ ಕಲ್ಲು ತಣ್ಣಗಿತ್ತು. ವಿಜಯನಗರದ ಕಾಲದಲ್ಲೇ ಹುಬ್ಬಳ್ಳಿ ಹತ್ತಿ ವ್ಯಾಪಾರಕ್ಕೆ ಹೆಸರಾಗಿತ್ತು. ದುಡ್ಡಿದ್ದ ಕಡೆ ಲೂಟಿಯೂ ಬರುತ್ತದೆ. 1673ರಲ್ಲಿ ಶಿವಾಜಿಯ ಸೈನ್ಯ ಊರನ್ನು ಕೊಳ್ಳೆ ಹೊಡೆದಾಗ ಇಂಗ್ಲಿಷರ ವ್ಯಾಪಾರ ಕೋಠಿಯ ಸರಕೂ ಹೋಯಿತು. ಆಮೇಲೆ ಸವಣೂರಿನವರು, ಮರಾಠರು, 1817ರಲ್ಲಿ ಇಂಗ್ಲಿಷರು. 1880ರ ದಶಕದಲ್ಲಿ ರೈಲು ಬಂತು, ರೈಲ್ವೆ ಕಾರ್ಖಾನೆ ಬಂತು. ಇಷ್ಟು ಜನ ಬಂದು ಹೋದರೂ ಪೇಟೆ ಮಾತ್ರ ಬಾಗಿಲು ಹಾಕಲಿಲ್ಲ. ನನಗೆ ಈ ಊರಿನ ಮೇಲೆ ಪ್ರೀತಿ ಇರುವುದು ಅದಕ್ಕೇ. ಕೋಟೆ ಹೋಯಿತು ಅಂತ ಇಲ್ಲಿ ಯಾರೂ ಕೊರಗುವುದಿಲ್ಲ. ಆದರೆ ಕಂಚಗಾರ ಗಲ್ಲಿಯಲ್ಲಿ ತಾಮ್ರ ಬಡಿಯುವ ಸದ್ದು ನಿಂತರೆ ನಾನು ಕೊರಗುತ್ತೇನೆ. ಆ ದಿನ ಅಂಗಡಿಗಳಲ್ಲಿ ಸ್ಟೀಲೇ ಜಾಸ್ತಿ ಇತ್ತು, ಒಳ್ಳೆಯ ಕೊಡ ಅಟ್ಟದ ಮೇಲಿತ್ತು.

ಸಂಜೆ ಮತ್ತೆ ದುರ್ಗದಬೈಲಿಗೆ ಬಂದು ಗಿರ್ಮಿಟ್ ತಿಂದೆವು. ಈರುಳ್ಳಿ, ಹುಣಸೆ, ಬೆಲ್ಲದ ಒಗ್ಗರಣೆಯಲ್ಲಿ ಚುರುಮುರಿ ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಮೇಲೆ ಸೇವು ಹಾಕಿ ಕೊಟ್ಟರು. ಪಕ್ಕಕ್ಕೆ ಬಿಸಿ ಮಿರ್ಚಿ. ಹಲ್ಲಿಲ್ಲದ ಅತ್ತೆ ಮಿರ್ಚಿಯನ್ನು ಗಿರ್ಮಿಟ್‌ನೊಳಗೆ ಹಿಸುಕಿಕೊಂಡು ತಿಂದರು. ಎದ್ದು ಹೊರಡುವಾಗ ಮತ್ತೆ ಕೈ ಮುಗಿದರು. ನಾನು ನೋಡಿದೆ. "ಕೋಟಿ ಇರಲಿ ಬಿಡೋ. ನನಗ ದುರ್ಗವ್ವನ" ಅಂದರು.

ರೈಲಿನಲ್ಲಿ ಕೊಡ ಅವರ ಮಡಿಲಲ್ಲೇ ಇತ್ತು. ಕುಂದಗೋಳ ದಾಟುವ ಹೊತ್ತಿಗೆ ನಿದ್ದೆ ಹೋಗಿದ್ದರು, ಹೆಬ್ಬೆರಳು ಹೆಸರು ಕೊರೆದ ಜಾಗದ ಮೇಲೆ ಇತ್ತು.