ನೀಲಗಿರಿಯಲ್ಲಿ ಟೀ ಜಾಡು ಹಿಡಿದು

ಮೈಸೂರು ಕಡೆಯವರಿಗೆ ಊಟಿ ಅಂದರೆ ಬೊಟಾನಿಕಲ್ ಗಾರ್ಡನ್, ಬೋಟಿಂಗ್, ವಾಪಸ್ ಬರುವಾಗ ಒಂದು ಪೊಟ್ಟಣ ಟೀ ಪುಡಿ. ಈ ಸಲ ನಾವು ಆ ಪುಡಿಯ ಹಿಂದೆಯೇ ಹೋದೆವು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಗೇಟು ತೆಗೆದ ಕೂಡಲೇ ಹೊರಟರೆ ತಿಂಡಿಯ ಹೊತ್ತಿಗೆ ಗೂಡಲೂರು. ಅಲ್ಲಿಂದ ಘಾಟಿ ಹತ್ತಿದರೆ ನಡುವಟ್ಟಂ. ಇಲ್ಲಿ ಕಾರು ನಿಲ್ಲಿಸದೆ ಊಟಿಗೆ ಓಡುವವರೇ ಜಾಸ್ತಿ.

ನಡುವಟ್ಟಂನಲ್ಲಿ ಬ್ರಿಟಿಷರ ಕಾಲದ ಜೈಲೊಂದಿದೆ. 1860ರ ದಶಕದಲ್ಲಿ ಮಲೇರಿಯಾಕ್ಕೆ ಮದ್ದಾದ ಕ್ವಿನೈನ್‌ಗಾಗಿ ಇಲ್ಲಿ ಸಿಂಕೋನ ತೋಟ ಮಾಡಿದರು. ಕೆಲಸಕ್ಕೆ ಕೈದಿಗಳನ್ನು ತಂದರು. ಅವರಲ್ಲಿ ಚೀನೀಯರೂ ಇದ್ದರು. ಬ್ರಿಟನ್ ಮತ್ತು ಚೀನಾ ನಡುವಿನ ಅಫೀಮು ಯುದ್ಧದಲ್ಲಿ ಸೆರೆಸಿಕ್ಕವರು, ನೀಲಗಿರಿಗೆ ಟೀ ಕಲಿಸಿದ್ದೇ ಅವರು ಅಂತ ಊರಲ್ಲಿ ಕತೆ ಹೇಳುತ್ತಾರೆ. ಆದರೆ ದಾಖಲೆಗಳ ಪ್ರಕಾರ ಅವರು ಪಿನಾಂಗ್, ಮಲಕ್ಕಾ, ಸಿಂಗಾಪುರದ ಕಡೆಯಿಂದ ಕಳಿಸಿದ ಅಪರಾಧಿಗಳು. ಅಲ್ಲಿನ ಜೈಲುಗಳಲ್ಲಿ ಜಾಗ ಸಾಲದೆ ಇಲ್ಲಿಗೆ ಸಾಗಿಸಿದ್ದರು. ನನಗೆ ಯುದ್ಧದ ಕತೆಗಿಂತ ಆಮೇಲಿನದೇ ಇಷ್ಟವಾಯಿತು. ಶಿಕ್ಷೆ ಮುಗಿದ ಕೆಲವರು ಊರಿಗೆ ಹೋಗಲೇ ಇಲ್ಲ. ಗೂಡಲೂರು–ನಡುವಟ್ಟಂ ನಡುವೆ ಮನೆ ಮಾಡಿ, ತಮಿಳು ಹೆಣ್ಣುಮಕ್ಕಳನ್ನು ಮದುವೆಯಾಗಿ, ತರಕಾರಿ ಬೆಳೆದು, ಹಸು ಸಾಕಿಕೊಂಡು ಇದ್ದುಬಿಟ್ಟರು.

ಇದೇ ಬೆಟ್ಟದಲ್ಲಿ ಹೀಗೆ ಬೇರೆಡೆಯಿಂದ ಬಂದು ನೆಲೆನಿಂತ ಇನ್ನೊಂದು ಗುಂಪಿದೆ. ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಶ್ರೀಲಂಕಾದ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ 1964ರಲ್ಲಿ ಸಹಿ ಹಾಕಿದ ಒಪ್ಪಂದದಿಂದಾಗಿ ಶ್ರೀಲಂಕಾದ ತೋಟಗಳಲ್ಲಿ ದುಡಿಯುತ್ತಿದ್ದ ತಮಿಳರು ಲಕ್ಷಗಟ್ಟಲೆ ವಾಪಸ್ ಬರಬೇಕಾಯಿತು. ವಾಪಸ್ ಅನ್ನುವುದೂ ಹೆಸರಿಗಷ್ಟೇ. ಎಷ್ಟೋ ಜನ ಹುಟ್ಟಿದ್ದೇ ಅಲ್ಲಿ. ಅವರಿಗೆ ಕೆಲಸ ಕೊಡಲೆಂದೇ ತಮಿಳುನಾಡು ಸರ್ಕಾರ ಟೀ ತೋಟ ಶುರುಮಾಡಿತು. ಈಗಿನ ಟಾನ್‌ಟೀ ಅದೇ. ದಾರಿಯಲ್ಲಿ ಕಾಣುವ ಸಾಲು ಲೈನ್ ಮನೆಗಳು ಅವರವು.

ಊಟಿಯನ್ನು ಪಕ್ಕಕ್ಕೆ ಬಿಟ್ಟು ಕೋಟಗಿರಿಗೆ ಹೋದೆವು. ಇಲ್ಲಿ ದೊಡ್ಡ ಎಸ್ಟೇಟುಗಳ ನಡುವೆ ನೀಲಗಿರಿಯ ಬಡಗ ಸಮುದಾಯದವರ ಹಟ್ಟಿಗಳಿವೆ. ಒಂದೆಕರೆ, ಎರಡೆಕರೆ ತೋಟ. ಟೀ ಗಿಡಗಳ ನಡುವೆ ಸಿಲ್ವರ್ ಓಕ್. ನಮ್ಮೊಡನೆ ಮಾತಿಗೆ ನಿಂತ ಹಿರಿಯರು ಬಡಗ ಭಾಷೆಯಲ್ಲಿ ಹೇಳಿದರು, ನಾವು ಕನ್ನಡದಲ್ಲಿ ಕೇಳಿದೆವು. ಅರ್ಧ ತಿಳಿಯಿತು, ಉಳಿದದ್ದಕ್ಕೆ ತಮಿಳು ಇತ್ತು. ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಅನ್ನುವುದು ಬಡಗರ ನಂಬಿಕೆ.

ಮೊದಲು ಇಲ್ಲಿ ರಾಗಿ, ಸಾಮೆ ಬೆಳೆಯುತ್ತಿದ್ದರು. ಆಮೇಲೆ ಆಲೂಗಡ್ಡೆ. 1961ರಲ್ಲಿ ಆಲೂಗಡ್ಡೆಯ ಬೇರಿಗೆ ಹತ್ತುವ ಒಂದು ಸಣ್ಣ ಹುಳು ನೀಲಗಿರಿಯಲ್ಲಿ ಪತ್ತೆಯಾಯಿತು. ಒಮ್ಮೆ ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಬಿಡುವುದಿಲ್ಲ. ಅದೇ ದಶಕದಲ್ಲಿ ಸಣ್ಣ ರೈತರಿಗಾಗಿ ಸಹಕಾರಿ ಟೀ ಫ್ಯಾಕ್ಟರಿಗಳು ಬಂದವು, ಹೊಲಗಳು ಟೀ ತೋಟಗಳಾದವು. ನೀಲಗಿರಿ ಟೀಗೆ ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿ. ಅದು ಒಡೆಯಿತು, ತೊಂಬತ್ತರ ದಶಕದ ಕೊನೆಗೆ ಎಲೆಯ ಬೆಲೆ ಬಿತ್ತು. ಬಿದ್ದದ್ದು ಇನ್ನೂ ಸರಿಯಾಗಿ ಎದ್ದಿಲ್ಲ ಅಂದರು ಹಿರಿಯರು. ನಾವು ಹೋದಾಗ ಕಿಲೋ ಹಸಿ ಎಲೆಗೆ ಹದಿನೈದು, ಇಪ್ಪತ್ತು ರೂಪಾಯಿ. ಅದರಲ್ಲೇ ಕೀಳುವವರ ಕೂಲಿ, ಗೊಬ್ಬರ. 2023ರಲ್ಲಿ 33 ರೂಪಾಯಿ 50 ಪೈಸೆ ಕೊಡಿ ಎಂದು ಬಡಗರು ದಿನಗಟ್ಟಲೆ ಉಪವಾಸ ಕೂತಿದ್ದರು.

ಸುಮ್ನೆ ಲೆಕ್ಕ ಹಾಕಿದೆ. ಸುಮಾರು ನಾಲ್ಕೂವರೆ ಕಿಲೋ ಎಲೆಗೆ ಒಂದು ಕಿಲೋ ಪುಡಿ. ಲೋಟಕ್ಕೆ ಎರಡೂವರೆ ಗ್ರಾಂ ಹಾಕಿದರೆ ನಾನೂರು ಲೋಟ ಟೀ. ಕಿಲೋ ಎಲೆಗೆ ಇಪ್ಪತ್ತು ರೂಪಾಯಿ ಸಿಕ್ಕರೂ ಒಂದು ಲೋಟದಲ್ಲಿ ಬೆಳೆದವರ ಪಾಲು ಕಾಲು ರೂಪಾಯಿ ಮುಟ್ಟುವುದಿಲ್ಲ. ನಾವು ಹೋಟೆಲಲ್ಲಿ ಎಷ್ಟು ಕೊಡುತ್ತೇವೆ?

ಫ್ಯಾಕ್ಟರಿ ನೋಡದೆ ಬರಬೇಡಿ. ಎಲೆಯನ್ನು ಉದ್ದನೆಯ ತೊಟ್ಟಿಗಳಲ್ಲಿ ಹರವಿ, ಕೆಳಗಿನಿಂದ ಗಾಳಿ ಬಿಟ್ಟು ಬಾಡಿಸುತ್ತಾರೆ. ಆಮೇಲೆ ಹಲ್ಲಿರುವ ಉರುಳೆಗಳ ನಡುವೆ ಹಾಯಿಸುತ್ತಾರೆ. ಸಿಟಿಸಿ (ಕ್ರಷ್, ಟೇರ್, ಕರ್ಲ್) ಅನ್ನುವುದು ಇದಕ್ಕೇ. ಹೊರಬರುವಾಗ ಹಚ್ಚ ಹಸಿರು, ಟೀ ವಾಸನೆಯೇ ಇಲ್ಲ, ಹುಲ್ಲು ಕೊಯ್ದ ವಾಸನೆ. ಗಾಳಿ ತಾಗುತ್ತಾ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಆ ಹದದಲ್ಲಿ ಬಿಸಿಗಾಳಿಗೆ ಒಡ್ಡಿದರೆ ಕಪ್ಪಾಗಿ, ನಮಗೆ ಗೊತ್ತಿರುವ ಪರಿಮಳ ಬರುತ್ತದೆ. ಕೊನೆಗೆ ಜರಡಿ. ತೀರಾ ಸಣ್ಣದು ಡಸ್ಟ್. ಹೆಸರು ಕೇಳಿ ಕಸ ಅಂದುಕೊಳ್ಳಬೇಡಿ. ಹಾಲು ಹಾಕಿದ ಮೇಲೂ ಕಡಕ್ ಆಗಿ ನಿಲ್ಲುವುದು ಅದೇ.

ಕೋಟಗಿರಿ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಆ ಡಸ್ಟಿನ ಟೀ ಕುಡಿದೆವು, ಜೊತೆಗೆ ಊಟಿ ವರ್ಕಿ. ಪದರ ಪದರವಾಗಿ ಉದುರುವ ಈ ಬಿಸ್ಕತ್ತಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಪಟ್ಟ ಸಿಕ್ಕಿದೆ. ಅದ್ದಿ ತಿನ್ನಬೇಕು, ಆದರೆ ಬೇಗ. ಪ್ರವಾಸಿಗರ ಅಂಗಡಿಗಳ ಏಲಕ್ಕಿ ಟೀ, ಚಾಕಲೇಟ್ ಟೀ ಪೊಟ್ಟಣಗಳು ನನಗೆ ಹಿಡಿಸಲಿಲ್ಲ. ಪುಡಿ ಕೊಳ್ಳುವುದಾದರೆ ಸಣ್ಣ ರೈತರ ಸಹಕಾರಿ ಫ್ಯಾಕ್ಟರಿಗಳ ಒಕ್ಕೂಟವಾದ ಇಂಡ್ಕೋಸರ್ವ್‌ನದು ಕೇಳಿ. ಎಲೆ ಟೀ ತಗೊಂಡರೆ ಮಾತ್ರ ಕುದಿಸಬೇಡಿ. ಬಿಸಿನೀರು ಹಾಕಿ ಮೂರು ನಿಮಿಷ ಮುಚ್ಚಿಟ್ಟು ಸೋಸಿದರೆ ಸಾಕು, ಹಾಲೂ ಬೇಡ.