ವಂಚನೆ ದೂರುಗಳ ಮೇಜಿನಿಂದ: ಮೊದಲು ಸಿಮ್, ಆಮೇಲೆ ಇಮೇಲ್

ನಾನು ಬ್ಯಾಂಕೊಂದರಲ್ಲಿ ವಂಚನೆ ದೂರುಗಳನ್ನು ನೋಡಿಕೊಳ್ಳುತ್ತೇನೆ. ಬರುವವರಲ್ಲಿ ಹೆಚ್ಚಿನವರು ಮೊದಲು ಹೇಳುವುದು ಒಂದೇ ಮಾತು: "ನಾನು ಯಾರಿಗೂ ಪಾಸ್‌ವರ್ಡ್ ಕೊಟ್ಟಿಲ್ಲ." ಅದು ನಿಜವೇ ಇರುತ್ತದೆ. ಎಷ್ಟೋ ಸಲ ಕಳ್ಳ ಪಾಸ್‌ವರ್ಡ್ ಕೇಳುವ ಗೋಜಿಗೇ ಹೋಗಿರುವುದಿಲ್ಲ. 'ಪಾಸ್‌ವರ್ಡ್ ಮರೆತಿದ್ದೇನೆ' ಅಂತ ಒತ್ತಿರುತ್ತಾನೆ, ಅಷ್ಟೇ.

ಅದನ್ನು ಒತ್ತಿದರೆ ಹೊಸ ಪಾಸ್‌ವರ್ಡ್ ಇಡುವ ಲಿಂಕ್ ಇಮೇಲ್‌ಗೆ ಬರುತ್ತದೆ, ಇಲ್ಲವೇ ಒಟಿಪಿ ಮೊಬೈಲ್‌ಗೆ ಬರುತ್ತದೆ. ಹಾಗಾಗಿ ನಿಮ್ಮ ಇಮೇಲ್ ಮತ್ತು ಫೋನ್ ನಂಬರ್ ಯಾರ ಕೈಯಲ್ಲಿದೆಯೋ ಅವರೇ ನೀವು. ಜನ ಬ್ಯಾಂಕ್ ಆ್ಯಪ್‌ಗೆ ಗಟ್ಟಿ ಪಾಸ್‌ವರ್ಡ್ ಇಡುತ್ತಾರೆ. ಇಮೇಲ್‌ಗೆ ಮಾತ್ರ ಕಾಲೇಜಿನ ದಿನಗಳ ಹಳೇ ಪಾಸ್‌ವರ್ಡ್, ಅದೂ ಕಂಡ ಕಂಡ ಸೈಟಿನಲ್ಲೆಲ್ಲ ಬಳಸಿದ್ದು! ಅವುಗಳಲ್ಲಿ ಒಂದು ಸೈಟಿನಿಂದ ಸೋರಿಕೆಯಾದರೂ ಸಾಕು. ಸೋರಿದ ಪಟ್ಟಿಯನ್ನು ಸಾವಿರಾರು ಕಡೆ ತಾನಾಗಿ ಹಾಕಿ ನೋಡುವ ಪ್ರೋಗ್ರಾಂಗಳಿವೆ, ಯಾರೂ ಕೂತು ಟೈಪ್ ಮಾಡಬೇಕಿಲ್ಲ.

ಈಚೆಗೆ ನನ್ನ ಮೇಜಿಗೆ ಬಂದ ಒಂದು ದೂರು ಹೀಗಿತ್ತು. ಸಂಜೆ ಫೋನಿನಲ್ಲಿ ನೆಟ್‌ವರ್ಕ್ ಹೋಯಿತು. ಟವರ್ ಸಮಸ್ಯೆ ಇರಬೇಕು ಅಂದುಕೊಂಡು ಅವರು ಫೋನ್ ಆಫ್ ಮಾಡಿ ಆನ್ ಮಾಡಿದರು, ಆಮೇಲೆ ಸುಮ್ನೆ ಮಲಗಿಬಿಟ್ಟರು. ಅಷ್ಟು ಹೊತ್ತಿಗೆ ಅವರ ನಂಬರಿನ ಡೂಪ್ಲಿಕೇಟ್ ಸಿಮ್ ಬೇರೆಯವನ ಫೋನಿನಲ್ಲಿತ್ತು. ಲಾಗ್ ತೆಗೆದು ನೋಡಿದೆವು. ಮೊದಲು ಇಮೇಲ್ ಪಾಸ್‌ವರ್ಡ್ ಬದಲಾಗಿದೆ, ಅದರ ಹಿಂದೆಯೇ ಬ್ಯಾಂಕಿನದು, ಕೊನೆಗೆ ಅವರ ಹೆಸರಲ್ಲಿ ಸಾಲಕ್ಕೆ ಅರ್ಜಿ. ಬೆಳಿಗ್ಗೆ ಏಳುವ ಹೊತ್ತಿಗೆ ಎಲ್ಲ ಮುಗಿದಿತ್ತು. ಡೂಪ್ಲಿಕೇಟ್ ಸಿಮ್ ಪಡೆಯಲು ಕಳ್ಳ ಕೊಟ್ಟದ್ದು ಹೆಸರು, ಹುಟ್ಟಿದ ದಿನಾಂಕ ಮತ್ತು ಗುರುತಿನ ಚೀಟಿಯ ಒಂದು ಜೆರಾಕ್ಸ್.

ಇದು ಏನೂ ಗೊತ್ತಿಲ್ಲದವರಿಗೆ ಮಾತ್ರ ಆಗುವುದು ಅಂದುಕೊಳ್ಳಬೇಡಿ. 2019ರಲ್ಲಿ ಟ್ವಿಟರ್ ಸಿಇಒ ಆಗಿದ್ದ ಜ್ಯಾಕ್ ಡಾರ್ಸಿ ಅವರ ಫೋನ್ ನಂಬರನ್ನೇ ಹೀಗೆ ಹಾರಿಸಿ, ಅವರ ಟ್ವಿಟರ್ ಖಾತೆಯಿಂದಲೇ ಕೆಟ್ಟ ಮಾತುಗಳನ್ನು ಹಾಕಿದ್ದರು.

ಆದ್ದರಿಂದ ಇದ್ದಕ್ಕಿದ್ದಂತೆ ಸಿಗ್ನಲ್ ಹೋಗಿ, ಪಕ್ಕದವರ ಅದೇ ಕಂಪನಿಯ ಫೋನ್ ಸರಿಯಾಗಿದ್ದರೆ ಕಾಯಬೇಡಿ. ಅವರ ಫೋನಿನಿಂದಲೇ ಸಿಮ್ ಕಂಪನಿಗೆ ಕರೆ ಮಾಡಿ. ಡೂಪ್ಲಿಕೇಟ್ ಸಿಮ್ ಕೊಡುವ ಮೊದಲು ಪಿನ್ ಕೇಳುವ ವ್ಯವಸ್ಥೆ ಕಂಪನಿಯಲ್ಲಿದ್ದರೆ ಇವತ್ತೇ ಹಾಕಿಸಿಕೊಳ್ಳಿ. ಇಮೇಲ್‌ನ ಎರಡನೇ ಹಂತದ ಪರಿಶೀಲನೆಗೆ ಎಸ್‌ಎಂಎಸ್ ಬಿಟ್ಟು ಆಥೆಂಟಿಕೇಟರ್ ಆ್ಯಪ್ (ಫೋನಿನಲ್ಲೇ ಕೋಡ್ ತಯಾರಿಸುವ ಆ್ಯಪ್) ಅಥವಾ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಇಲ್ಲವೇ ಲಾಕ್‌ನಿಂದ ಲಾಗಿನ್ ಆಗುವ ಡಿಜಿಟಲ್ ಕೀಲಿ) ಬಳಸಿ. ಪಾಸ್‌ಕೀ ನನಗೆ ಜಾಸ್ತಿ ಇಷ್ಟ. ಅದು ಅಸಲಿ ಸೈಟಿನಲ್ಲಿ ಮಾತ್ರ ಕೆಲಸ ಮಾಡುತ್ತದೆ, ನಕಲಿ ಸೈಟು ನಮ್ಮ ಕಣ್ಣಿಗೆ ಎಷ್ಟೇ ಅಸಲಿಯಂತೆ ಕಂಡರೂ ಅದಕ್ಕೆ ಮೋಸವಾಗುವುದಿಲ್ಲ.

ಗುರುತಿನ ಚೀಟಿಯ ಜೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ, ಅಕ್ಷರಗಳನ್ನು ಹಾದು ಹೋಗುವಂತೆ, ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಅಂತ ಬರೆಯಿರಿ. ಅಂಚಿನಲ್ಲಿ ಬರೆದರೆ ಕತ್ತರಿಸಿ ತೆಗೆಯುತ್ತಾರೆ. ಇದು ಪೂರ್ತಿ ರಕ್ಷಣೆಯಲ್ಲ, ಆದರೆ ಅದೇ ಪ್ರತಿಯನ್ನು ಇನ್ನೊಂದು ಕಡೆ ಬಳಸುವುದು ಕಷ್ಟವಾಗುತ್ತದೆ.

ಇನ್ನು, ಪಾಸ್‌ವರ್ಡ್ ಮರೆತಾಗ ಗುರುತು ಖಚಿತಪಡಿಸಿಕೊಳ್ಳಲು ಕೇಳುವ ಆ ರಹಸ್ಯ ಪ್ರಶ್ನೆಗಳು. ತಾಯಿಯ ಹೆಸರು, ಓದಿದ ಶಾಲೆ, ಹುಟ್ಟಿದ ಊರು. ಇದರಲ್ಲಿ ರಹಸ್ಯ ಯಾವುದಿದೆ ಹೇಳಿ? ನಾವು ಬ್ಯಾಂಕಿನವರೂ ಇವನ್ನೇ ಕೇಳುತ್ತೇವೆ, ಕೇಳುವಾಗ ನನಗೇ ನಗು ಬರುತ್ತದೆ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಅವರ ಯಾಹೂ ಮೇಲ್‌ಗೆ ಒಬ್ಬ ವಿದ್ಯಾರ್ಥಿ ನುಗ್ಗಿದ್ದೇ ಹೀಗೆ. ಹುಟ್ಟಿದ ದಿನಾಂಕ, ಅಂಚೆ ಕೋಡ್, ಗಂಡನನ್ನು ಮೊದಲು ಕಂಡದ್ದು ಎಲ್ಲಿ ಎಂಬುದೆಲ್ಲ ಅಂತರ್ಜಾಲದಲ್ಲಿ ಹುಡುಕಿದರೇ ಸಿಗುತ್ತಿತ್ತು. ಇಂಥ ಪ್ರಶ್ನೆಗಳಿಗೆ ಧಾರಾಳವಾಗಿ ಸುಳ್ಳು ಉತ್ತರ ಕೊಡಿ. ಕೊಟ್ಟ ಸುಳ್ಳನ್ನು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ (ಪಾಸ್‌ವರ್ಡ್‌ಗಳನ್ನು ಭದ್ರವಾಗಿ ಇಡುವ ಆ್ಯಪ್) ಬರೆದಿಟ್ಟುಕೊಳ್ಳಿ.

ನೀವು ಎಷ್ಟು ಎಚ್ಚರವಿದ್ದರೂ ಬೇರೆಯವರ ಬಳಿ ಇರುವ ನಿಮ್ಮ ಮಾಹಿತಿ ನಿಮ್ಮ ಹಿಡಿತದಲ್ಲಿಲ್ಲ. 2017ರಲ್ಲಿ ಜನರ ಸಾಲದ ದಾಖಲೆ ಇಡುವ ಅಮೆರಿಕದ ಕಂಪನಿ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ವಿವರ ಹೋಯಿತು. ಪಾಸ್‌ವರ್ಡ್ ಬದಲಾಯಿಸಬಹುದು, ಹುಟ್ಟಿದ ದಿನಾಂಕ ಬದಲಾಯಿಸಲು ಆಗಲ್ಲ ಅಲ್ವಾ? ಅದಕ್ಕೇ ಆಗಾಗ ಕ್ರೆಡಿಟ್ ರಿಪೋರ್ಟ್ (ನಿಮ್ಮ ಹೆಸರಿನ ಸಾಲಗಳ ದಾಖಲೆ) ತೆಗೆದು, ನೀವು ಕೇಳದ ಸಾಲ ಇದೆಯಾ ನೋಡಿ. ಕಾರ್ಡಿನ ಸ್ಟೇಟ್‌ಮೆಂಟ್‌ನಲ್ಲಿ ದೊಡ್ಡ ಮೊತ್ತಕ್ಕಿಂತ ಚಿಲ್ಲರೆ ಮೊತ್ತಗಳ ಮೇಲೆ ಕಣ್ಣಿಡಿ. ಕಾರ್ಡ್ ಚಾಲ್ತಿಯಲ್ಲಿದೆಯಾ ಅಂತ ಕಳ್ಳರು ಮೊದಲು ಚಿಲ್ಲರೆಯಲ್ಲೇ ಪರೀಕ್ಷೆ ಮಾಡುತ್ತಾರೆ.

ಅನಾಹುತ ಆಗಿಬಿಟ್ಟರೆ ನಾಚಿಕೆಯಿಂದ ಮೆಸೇಜ್‌ಗಳನ್ನು ಅಳಿಸಬೇಡಿ. ನಮಗೆ ಬೇಕಿರುವ ಸಾಕ್ಷಿ ಅವೇ. ಸಿಮ್, ಇಮೇಲ್, ಬ್ಯಾಂಕ್, ಈ ಕ್ರಮದಲ್ಲಿ ವಾಪಸ್ ಹಿಡಿಯಿರಿ, ಪೊಲೀಸ್ ದೂರಿನ ಪ್ರತಿ ಇಟ್ಟುಕೊಳ್ಳಿ. ಇಮೇಲ್ ಸಿಕ್ಕಿದ ಮೇಲೆ ಪಾಸ್‌ವರ್ಡ್ ಬದಲಾಯಿಸಿ ಅಲ್ಲಿಗೇ ನಿಲ್ಲಬೇಡಿ. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ (ಬಂದ ಮೇಲ್‌ನ ಪ್ರತಿಯನ್ನು ಬೇರೆ ವಿಳಾಸಕ್ಕೆ ಕಳಿಸುವ ವ್ಯವಸ್ಥೆ) ನೋಡಿ. ಕಳ್ಳರು ಹೋಗುವ ಮೊದಲು ಎಷ್ಟೋ ಸಲ ಅಲ್ಲಿ ತಮ್ಮ ವಿಳಾಸ ಸೇರಿಸಿರುತ್ತಾರೆ. ಅದು ಇರುವವರೆಗೆ ನಿಮ್ಮ ಹೊಸ ಪಾಸ್‌ವರ್ಡ್ ಲಿಂಕ್‌ಗಳ ಪ್ರತಿ ಅವರಿಗೂ ಹೋಗುತ್ತಿರುತ್ತದೆ.